ತೊಳೆಯಲಾಗದ ಪುಸ್ತಕ: ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ವಿದ್ಯಾರ್ಥಿನಿಯ ಪ್ರಕರಣ

ಈ ಪ್ರಕರಣವು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಹತ್ತಿರದ ಗೊಲ್ಲರಹಟ್ಟಿಯಿಂದ, ಅಂದರೆ ಕಾಡುಗೊಲ್ಲರ ವಸತಿಯಿಂದ, ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಸಂಬಂಧಿಸಿದ್ದು; ಮುಟ್ಟಿನ ದಿನಗಳಲ್ಲಿ ಹೆಣ್ಣನ್ನು ಹಟ್ಟಿಯ ಹೊರಗಿಡುವ ಪದ್ಧತಿ ಅವಳ ಓದನ್ನು ಹೇಗೆ ತಟ್ಟಿತು ಎಂಬುದು ಇದರ ವಿಷಯ. 2023ರ ಜೂನ್‌ನಲ್ಲಿ ಅವಳು ಒಂಬತ್ತನೆಯ ತರಗತಿಗೆ ಬಂದಾಗಿನಿಂದ 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವವರೆಗಿನ ಎರಡು ಶೈಕ್ಷಣಿಕ ವರ್ಷಗಳನ್ನು ಇಲ್ಲಿ ದಾಖಲಿಸಿದ್ದೇನೆ. ಆ ಎರಡೂ ವರ್ಷ ನಾನು ಅಲ್ಲಿ ಕನ್ನಡ ಬೋಧಿಸುತ್ತ ಅವಳ ತರಗತಿ ಶಿಕ್ಷಕಿಯಾಗಿದ್ದೆ. ಮುಂದೆ ಹೇಳಲಿರುವ ತಪ್ಪುಗಳಲ್ಲಿ ಕೆಲವು ನನ್ನವೇ ಆಗಿರುವುದರಿಂದ ಇದನ್ನು ತಟಸ್ಥ ವರದಿಯೆಂದು ಓದಬಾರದು. ಹಟ್ಟಿ, ಶಾಲೆ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಬರೆಯುವ ಮುನ್ನ ವಿದ್ಯಾರ್ಥಿನಿಯನ್ನೂ ಅವಳ ಅಜ್ಜಿಯನ್ನೂ ಕೇಳಿದೆ. ಅಜ್ಜಿ, “ಬರ್ಕಳಿ ಟೀಚರಮ್ಮ, ಆದ್ರೆ ನಮ್ಮನ್ನ ರಾಕ್ಷಸರ ಮಾಡಿ ಬರೀಬ್ಯಾಡಿ” ಎಂದರು.

ಹಾಜರಿ ಪುಸ್ತಕದಲ್ಲಿ ಕಂಡದ್ದು

ಹಾಜರಿ ಪುಸ್ತಕವನ್ನು ನಾವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ನೋಡುತ್ತೇವೆ. ಇವತ್ತು ಯಾರು ಬಂದಿಲ್ಲ, ಬಿಸಿಯೂಟಕ್ಕೆ ಎಷ್ಟು ತಲೆ, ಸ್ಯಾಟ್ಸ್ ಎಂಬ ಸರ್ಕಾರಿ ಆನ್‌ಲೈನ್ ದಾಖಲೆಗೆ ಯಾವ ಸಂಖ್ಯೆ ಹಾಕಬೇಕು ಎಂಬಷ್ಟಕ್ಕೆ ಆ ನೋಟ ಸಾಕು. ಒಬ್ಬ ವಿದ್ಯಾರ್ಥಿಯ ಸಾಲನ್ನು ಎಡದಿಂದ ಬಲಕ್ಕೆ, ತಿಂಗಳ ಮೇಲೆ ತಿಂಗಳು ಓದಿಕೊಂಡು ಹೋಗುವ ಸಂದರ್ಭ ಬರುವುದು ಹಾಜರಾತಿ ಕೊರತೆಯ ಪಟ್ಟಿ ಮಾಡುವಾಗ ಮಾತ್ರ. 2023ರ ದಸರಾ ರಜೆಗೆ ಮುಂಚೆ ಅಂಥದೊಂದು ಪಟ್ಟಿ ಮಾಡುತ್ತ ಕೂತಿದ್ದಾಗ ಈ ಹುಡುಗಿಯ ಸಾಲಿನಲ್ಲಿ ಗೈರುಹಾಜರಿಯ ಗುರುತುಗಳು ಚದುರಿ ಬಿದ್ದಿರದೆ, ನಾಲ್ಕು ನಾಲ್ಕು ದಿನಗಳ ಗೊಂಚಲಾಗಿ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ನಿಂತಿರುವುದು ಕಣ್ಣಿಗೆ ಬಿತ್ತು. ರಜಾಚೀಟಿಗಳನ್ನು ತೆಗೆದು ನೋಡಿದರೆ ಪ್ರತಿಯೊಂದರಲ್ಲೂ “ಹೊಟ್ಟೆನೋವು” ಎಂದಿತ್ತು, ಪ್ರತಿಯೊಂದರ ಕೆಳಗೂ ನನ್ನ ಸಹಿ ಇತ್ತು. ಗೊಂಚಲು ಮುಗಿದ ಮಾರನೆಯ ದಿನ ಅವಳು ತಲೆಗೆ ಎರೆದುಕೊಂಡು, ಇನ್ನೂ ಆರದ ಜಡೆಯಲ್ಲೇ ಪ್ರಾರ್ಥನೆಗೆ ಓಡಿ ಬರುತ್ತಿದ್ದುದೂ ಆಗಲೇ ನೆನಪಾಯಿತು. ನಾನೂ ಹೆಂಗಸು, ಆ ಚೀಟಿಗಳನ್ನು ಓದಿ ಅರ್ಥಮಾಡಿಕೊಳ್ಳಲು ನನಗೆ ನಾಲ್ಕು ತಿಂಗಳು ಬೇಕಾಗಿರಲಿಲ್ಲ.

ಲೆಕ್ಕ ಹೀಗಿದೆ. ಶಾಲಾ ದಿನಗಳನ್ನು 220 ಎಂದು ಹಿಡಿದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಬೇಕಾದ ಶೇಕಡ 75 ಹಾಜರಾತಿ ಎಂದರೆ 165 ದಿನ. ಮಗು ಗರಿಷ್ಠ 55 ದಿನ ತಪ್ಪಿಸಿಕೊಳ್ಳಬಹುದು. ತಿಂಗಳಿಗೆ ನಾಲ್ಕರಂತೆ ಹತ್ತು ತಿಂಗಳಲ್ಲಿ ನಲವತ್ತು ದಿನ ಮೊದಲೇ ಖರ್ಚಾಗುತ್ತದೆ. ಮಿಕ್ಕ ಹದಿನೈದು ದಿನಗಳಲ್ಲಿ ಜ್ವರ, ಮದುವೆ, ದೇವರ ಜಾತ್ರೆ, ಕಡಲೆಕಾಯಿ ಕೀಳುವ ಸುಗ್ಗಿ ಎಲ್ಲವೂ ಮುಗಿಯಬೇಕು. ಹಾಜರಾತಿಯ ಕೊರತೆ ಹೇಗೋ ನೀಗಿದರೂ ಕಲಿಕೆಯ ಕೊರತೆ ನೀಗುವುದಿಲ್ಲ. ಗಣಿತದಲ್ಲಿ ನಾಲ್ಕು ದಿನ ತಪ್ಪಿಸಿಕೊಂಡ ಮಗು ಐದನೆಯ ದಿನ ಬಂದು ಕೂತರೂ ತರಗತಿಯಲ್ಲಿ ಇರುವುದಿಲ್ಲ.

ಹಟ್ಟಿ

ಕಾಡುಗೊಲ್ಲರು ಮೂಲತಃ ಕುರಿ, ದನಗಳನ್ನು ನಂಬಿದ ಪಶುಪಾಲಕ ಸಮುದಾಯ. ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಬಯಲುಸೀಮೆಯಲ್ಲಿ ಇವರ ಹಟ್ಟಿಗಳು ಊರಿನಿಂದ ಬೇರೆಯಾಗಿ, ಅಡವಿಯ ಅಂಚಿನಲ್ಲಿ ಇರುತ್ತವೆ. ಹಿಂದೆ ಸುತ್ತಲೂ ಕಾರೆಮುಳ್ಳಿನ ಬೇಲಿ ಇರುತ್ತಿತ್ತು. ಜುಂಜಪ್ಪ, ಎತ್ತಪ್ಪ ಮುಂತಾದ ವೀರರು ಇವರ ದೈವಗಳು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಹೋಗಿ ಗಣೆಯ (ಬಿದಿರಿನ ಉದ್ದ ಕೊಳಲಿನ) ದನಿ ಕೇಳಿದವರಿಗೆ ಈ ಜನರ ಬಾಯಿಪಾಠದ ಕಾವ್ಯ ಎಷ್ಟು ಉದ್ದದ್ದು, ಎಷ್ಟು ಜೀವಂತವಾದದ್ದು ಎಂಬುದು ತಿಳಿದಿರುತ್ತದೆ. ನಮ್ಮ ಪ್ರಕರಣದ ಹಟ್ಟಿಯಲ್ಲಿ ಈಗ ಬೇಲಿ ಮೂರು ಕಡೆ ಬಿದ್ದುಹೋಗಿದೆ, ಮನೆಗಳು ಆಶ್ರಯ ಯೋಜನೆಯ ಆರ್‌ಸಿಸಿ ಮನೆಗಳು, ಸಿಮೆಂಟು ರಸ್ತೆ ಇದೆ, ಅರ್ಧಕ್ಕರ್ಧ ಮನೆಗಳ ಮೇಲೆ ಡಿಶ್ ಇದೆ. ಆದರೆ ಬೇಲಿ ಇದ್ದ ಗೆರೆ ಎಲ್ಲಿ ಹಾದುಹೋಗುತ್ತಿತ್ತು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು, ಏಕೆಂದರೆ ಮುಟ್ಟಾದ ಹೆಂಗಸು ಆ ಗೆರೆಯ ಆಚೆಗೆ ಹೋಗಬೇಕು.

ಹೊರಗಾದವರಿಗೆ, ಅಂದರೆ ಮುಟ್ಟಾದವರಿಗೆ, ಒಂದು ಗುಡ್ಲು (ಗುಡಿಸಲು) ಇದೆ. ಬಾಣಂತಿಯರಿಗೂ ಅಂಥದ್ದೇ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಿನಲ್ಲಿ ಬಾಣಂತಿಯೊಂದಿಗೆ ಇದ್ದ ಹಸುಗೂಸು ಮಳೆಯ ಶೀತಕ್ಕೆ ಸಿಕ್ಕಿ ತೀರಿಕೊಂಡಾಗ ಇಡೀ ರಾಜ್ಯದ ಗಮನ ಈ ಪದ್ಧತಿಯ ಮೇಲೆ ಬಿತ್ತು. ನ್ಯಾಯಾಧೀಶರು, ಅಧಿಕಾರಿಗಳು ಹಟ್ಟಿಗಳಿಗೆ ಬಂದರು, ಗುಡಿಸಲುಗಳು ಕಿತ್ತುಹೋದವು, ಜಾಗೃತಿ ಸಭೆಗಳು ನಡೆದವು. ನಮ್ಮ ಹಟ್ಟಿಯಲ್ಲೂ ಒಂದು ಸಭೆ ಆಯಿತು. ಹಟ್ಟಿಯ ಮುಖ್ಯಸ್ಥರಾದ ಯಜಮಾನರು ತಲೆದೂಗಿದರು. ಮರುವಾರ ಗುಡ್ಲು ರಸ್ತೆಗೆ ಕಾಣುವ ಜಾಗದಿಂದ ಸೀಮೆಜಾಲಿ ಪೊದೆಗಳ ಹಿಂದಕ್ಕೆ ಹೋಯಿತು, ಕೇಳಿದವರಿಗೆ ಅದು ಕುರಿಮರಿಗಳ ರೊಪ್ಪ ಎಂದಾಯಿತು.

ಅದೇ ಹಟ್ಟಿಗೆ ಸರ್ಕಾರವೇ ಕಟ್ಟಿಸಿಕೊಟ್ಟ ‘ಕೃಷ್ಣ ಕುಟೀರ’ವೂ ಒಂದಿದೆ. ಮುಟ್ಟಾದವರೂ ಬಾಣಂತಿಯರೂ ಬಿಸಿಲು ಮಳೆಗಳಲ್ಲಿ ನರಳದಿರಲಿ ಎಂಬ ಸದುದ್ದೇಶದಿಂದ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಟ್ಟಿಗಳಲ್ಲಿ ಇಂಥ ಕಟ್ಟಡಗಳನ್ನು ಕಟ್ಟಲಾಯಿತು. ಹೊರಗಿಡುವುದು ತಪ್ಪು ಎಂದು ಕಾಯ್ದೆಯಲ್ಲಿ ಹೇಳುವ ಸರ್ಕಾರವೇ ಹೊರಗಿಡಲು ಅನುಕೂಲವಾದ ಪಕ್ಕಾ ಕಟ್ಟಡ ಕೊಟ್ಟಿತೆಂಬ ವಿಚಿತ್ರವನ್ನು ಎಷ್ಟು ಜನ ಗಮನಿಸಿದ್ದಾರೋ ಕಾಣೆ. ನಾನು ನೋಡಿದ ದಿನ ಇಲ್ಲಿನ ಕುಟೀರಕ್ಕೆ ನೀರಿನ ಸಂಪರ್ಕ ಇರಲಿಲ್ಲ, ಒಳಗೆ ಯಾರದೋ ರಾಗಿಹುಲ್ಲು ತುಂಬಿತ್ತು.

ತಟ್ಟೆ, ಚೊಂಬು, ಪುಸ್ತಕ

ದಸರಾ ರಜೆ ಮುಗಿದ ಮೇಲೆ ಅವಳು ಮತ್ತೆ ನಾಲ್ಕು ದಿನ ಕಾಣದಿದ್ದಾಗ, ಮೂರನೆಯ ದಿನ ಸಂಜೆ ನಮ್ಮ ಶಾಲೆಯ ಅಡುಗೆಯವರೊಬ್ಬರನ್ನು ಜೊತೆ ಮಾಡಿಕೊಂಡು ಹಟ್ಟಿಗೆ ಹೋದೆ. ಗುಡ್ಲು ತೆಂಗಿನಗರಿಯದು, ಮೇಲೆ ನೀಲಿ ಟಾರ್ಪಾಲು. ಒಳಗೆ ಕೂರಬಹುದು, ಮಲಗಬಹುದು, ನೆಟ್ಟಗೆ ನಿಲ್ಲಲಾಗದು. ಅವಳಲ್ಲದೆ ಇನ್ನಿಬ್ಬರು ಹೆಂಗಸರಿದ್ದರು. ಮೂರು ಕಲ್ಲಿನ ಮೇಲೆ ಕವುಚಿ ಹಾಕಿದ ಅಲ್ಯುಮಿನಿಯಂ ತಟ್ಟೆ, ಒಂದು ಚೊಂಬು, ಗರಿಗೆ ಸಿಕ್ಕಿಸಿದ ಬಾಚಣಿಗೆ, ಹಾಸಿಕೊಳ್ಳಲು ಹಳೆಯ ಕರಿಕಂಬಳಿ. ಶಾಲೆಯ ಚೀಲ ಇರಲಿಲ್ಲ. ಸಮಾಜ ವಿಜ್ಞಾನದ ಕಿರುಪರೀಕ್ಷೆ ಹತ್ತಿರವಿದ್ದುದರಿಂದ, “ಪುಸ್ತಕ ಎಲ್ಲಮ್ಮ?” ಎಂದು ಕೇಳಿದೆ. ಅವಳು ಗೆರೆಯ ಈಚೆ ನಿಂತಿದ್ದ ಅಜ್ಜಿಯ ಮುಖ ನೋಡಿದಳು.

ಅಜ್ಜಿ ಹೇಳಿದ್ದು ಸರಳವಾಗಿತ್ತು. ಹೊರಗೆ ಹೋದ ವಸ್ತು ಒಳಗೆ ಬರಬೇಕಾದರೆ ನೀರು ಕಂಡು ಬರಬೇಕು. ಸೀರೆ, ಲಂಗ, ತಟ್ಟೆ, ಚೊಂಬು ಎಲ್ಲವನ್ನೂ ತೊಳೆಯಬಹುದು. ಪುಸ್ತಕವನ್ನು ತೊಳೆಯುವುದು ಹೇಗೆ? ಪುಸ್ತಕವನ್ನು ಗುಡ್ಲಿಗೆ ಕೊಟ್ಟರೆ ಅದು ಗುಡ್ಲಿನಲ್ಲೇ ಉಳಿಯಬೇಕು, ಮಳೆ ಬಂದರೆ ನೆನೆಯಬೇಕು, ಮೇಕೆ ಬಂದರೆ ತಿನ್ನಬೇಕು. ಸರ್ಕಾರ ಕೊಡುವುದು ವರ್ಷಕ್ಕೆ ಒಂದೇ ಜೊತೆ. ಹಾಗಾಗಿ ಪುಸ್ತಕ ಕೆಡದಿರಲಿ ಎಂದೇ ಒಳಗಿಟ್ಟಿದ್ದರು. ಮೊಮ್ಮಗಳ ಓದಿನ ಮೇಲಿನ ಅಕ್ಕರೆಯಿಂದಲೇ ಅವಳ ಕೈಯಿಂದ ಪುಸ್ತಕ ತಪ್ಪಿಸಿದ್ದರು.

“ಇದೆಲ್ಲ ಬಿಡಬಾರದೇನಮ್ಮ?” ಎಂದು ನಾನು ಕೇಳಿದ್ದಕ್ಕೆ ಅವರು ಸಿಟ್ಟಾಗಲಿಲ್ಲ. “ನೀವು ಆ ದಿನ ನಿಮ್ಮನೇಲಿ ದೇವ್ರ ಮನೆ ಒಳೀಕೆ ಹೋಯ್ತೀರಾ ಟೀಚರಮ್ಮ?” ಎಂದರು. ಹೋಗುವುದಿಲ್ಲ. ನನ್ನ ತಾಯಿಯ ಮನೆಯಲ್ಲಿ ಮೂರು ದಿನ ಹಿತ್ತಲ ಕೋಣೆಯಲ್ಲಿ ಚಾಪೆ, ಬೇರೆ ಲೋಟ. ತುಮಕೂರಿನ ಪೇಟೆಯಲ್ಲೇ ಎಷ್ಟೋ ಓದಿದ ಮನೆಗಳಲ್ಲಿ ಇಂದಿಗೂ ಹಾಗೆಯೇ ಇದೆ. ಅಲ್ಲಿ ಹೊರಗು ಎನ್ನುವುದು ಮನೆಯೊಳಗೇ ಇರುವುದರಿಂದ ಪತ್ರಿಕೆಯವರು ಫೋಟೋ ತೆಗೆಯಲು ಬರುವುದಿಲ್ಲ. ಈ ಸಾಮ್ಯವನ್ನು ಹೇಳುವುದು ಗುಡ್ಲನ್ನು ಸಮರ್ಥಿಸಲು ಅಲ್ಲ. ಹಿತ್ತಲ ಕೋಣೆಗೆ ಸೂರು ಇತ್ತು, ದೀಪ ಇತ್ತು, ನನ್ನ ಪುಸ್ತಕ ನನ್ನ ಬಳಿಯೇ ಇರುತ್ತಿತ್ತು, ನಾನು ಕಾಲೇಜಿಗೂ ಹೋಗುತ್ತಿದ್ದೆ.

ತಾಯಿ ಹೋಗುವ ವ್ಯಾನು

ಪ್ರಕರಣದ ಗಂಟು ಬಿಚ್ಚಿಕೊಂಡದ್ದು ತಾಯಿಯೊಡನೆ ಮಾತಾಡಿದಾಗ. ತಂದೆ ವರ್ಷದ ಬಹುಪಾಲು ಕುರಿಮಂದೆಯ ಜೊತೆ ಊರಾಚೆ. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಏಳಕ್ಕೆ ಡಾಂಬರು ರಸ್ತೆಗೆ ವ್ಯಾನು ಬರುತ್ತದೆ, ರಾತ್ರಿ ಏಳೂವರೆಗೆ ಬಿಡುತ್ತದೆ. ಹೊರಗಾದ ದಿನಗಳಲ್ಲಿ ಅವರು ಏನು ಮಾಡುತ್ತಾರೆಂದು ಕೇಳಿದೆ. ಗುಡ್ಲಿನಿಂದ ಎದ್ದು ಕೆಲಸಕ್ಕೆ ಹೋಗುತ್ತಾರೆ, ಬಂದು ಗುಡ್ಲಿನಲ್ಲಿ ಮಲಗುತ್ತಾರೆ. ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆಗೆ ತಿಂಗಳ ಹಾಜರಿ ಬೋನಸ್ಸೂ ಹೋಗುತ್ತದೆ. ಹಟ್ಟಿಯ ಹನ್ನೆರಡು ಹೆಂಗಸರು ಹೀಗೆ ಹೋಗುತ್ತಾರೆ, ಯಜಮಾನರಾಗಲಿ ಪೂಜಾರಿಯಾಗಲಿ ಒಂದು ದಿನವೂ ಆಕ್ಷೇಪಿಸಿಲ್ಲ.

ಅಂದರೆ ಪದ್ಧತಿಗೆ ವಿನಾಯಿತಿ ಎಂಬುದು ಇತ್ತು. ಕೂಲಿಗಾಗಿ ಅದು ಯಾವ ಸಭೆ, ಯಾವ ಚರ್ಚೆಯೂ ಇಲ್ಲದೆ ತಾನಾಗಿ ಹುಟ್ಟಿಕೊಂಡಿತ್ತು. ಹಾಗಾದರೆ ಮಗಳು ಶಾಲೆಗೆ ಏಕೆ ಬರಬಾರದು ಎಂದು ಕೇಳಿದಾಗ ತಾಯಿ ಕೊಟ್ಟ ಉತ್ತರ ನನ್ನನ್ನು ಬಹಳ ದಿನ ಕಾಡಿತು: “ಅಲ್ಲಿ ಇನ್ನೂರು ಜನದಾಗೆ ಯಾರಿಗ್ ಗೊತ್ತಾಯ್ತದೆ ಮೇಡಮ್ಮೋರೆ? ಶಾಲೇಲಿ ನಮ್ಮ ಹಟ್ಟಿ ಹುಡುಗ್ರು ಅವ್ರಲ್ಲ.” ತರಗತಿಯಲ್ಲಿ ಹಟ್ಟಿಯ ಇಬ್ಬರು ಹುಡುಗರಿದ್ದರು. ಅವಳು ಕೂತ ಬೆಂಚು, ಮುಟ್ಟಿದ ಡಸ್ಟರ್, ಬಿಸಿಯೂಟದ ಸಾಲು ಎಲ್ಲವೂ ಅವರ ಮೂಲಕ ಹಟ್ಟಿಗೆ ವರದಿಯಾಗುತ್ತಿದ್ದವು. ಎಂಟನೆಯ ತರಗತಿಯಲ್ಲಿದ್ದಾಗ ಒಮ್ಮೆ ಅವಳು ಶಾಲೆಯಲ್ಲೇ ಮುಟ್ಟಾಗಿ, ಸಂಜೆ ಆ ಇಬ್ಬರು ಹುಡುಗರನ್ನು ಅವರ ಮನೆಯವರು ತಣ್ಣೀರು ಹುಯ್ದೇ ಒಳಗೆ ಬಿಟ್ಟುಕೊಂಡಿದ್ದರಂತೆ. ಆ ಮೇಲೆ ಹುಡುಗರು ಅವಳ ದಿನಗಳನ್ನು ಎಣಿಸತೊಡಗಿದರು. ಶಾಲೆಯ ಕಾಂಪೌಂಡಿನೊಳಗೆ ಜಾತಿ, ಮೈಲಿಗೆ ನಡೆಯುವುದಿಲ್ಲವೆಂದು ನಾವು ಹೇಳಿಕೊಳ್ಳುತ್ತಿದ್ದೆವು; ಹಟ್ಟಿಯ ಗೆರೆ ಮಾತ್ರ ನಮ್ಮ ಮೂರನೆಯ ಬೆಂಚಿನ ಮೇಲೆಯೇ ಹಾದುಹೋಗುತ್ತಿತ್ತು.

ನಾನು ಈ ಪ್ರಕರಣದಿಂದ ತೆಗೆದ ಮುಖ್ಯ ತೀರ್ಮಾನ ಇಲ್ಲಿಯದು. ಕಾರ್ಖಾನೆ ತನ್ನ ಪಾಲಿನ ವಿನಾಯಿತಿಯನ್ನು ಕೂಲಿ ಕಡಿತದ ಭಾಷೆಯಲ್ಲಿ ಕೇಳಿ ಪಡೆದಿತ್ತು. ಶಾಲೆ ಕೇಳಿಯೇ ಇರಲಿಲ್ಲ. ಕೇಳಬೇಕಾದರೆ ಮೊದಲು ಗೈರುಹಾಜರಿಯ ಕಾರಣವನ್ನು ಅದರ ಹೆಸರಿನಿಂದ ಕರೆಯಬೇಕಿತ್ತು, ನಾವು ಅದನ್ನು ಹೊಟ್ಟೆನೋವು ಎಂದು ಬರೆಸಿಕೊಂಡು ಸುಮ್ಮನಿದ್ದೆವು.

ಕಾಯ್ದೆ ಎಲ್ಲಿಯವರೆಗೆ ಬಂತು

ಮುಖ್ಯೋಪಾಧ್ಯಾಯರ ಮೊದಲ ಯೋಚನೆ ಶಿಕ್ಷಣ ಹಕ್ಕು ಕಾಯ್ದೆಯ ಕಡೆ ಹೋಯಿತು. ಸಂವಿಧಾನದ 21ಎ ವಿಧಿಯೂ 2009ರ ಕಾಯ್ದೆಯೂ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಎಂಟನೆಯ ತರಗತಿಯವರೆಗೆ ಅನ್ವಯಿಸುತ್ತವೆ. ನಮ್ಮ ಹುಡುಗಿಗೆ ಹದಿನೈದು ನಡೆಯುತ್ತಿತ್ತು. ಹಟ್ಟಿಯ ಹೆಣ್ಣುಮಕ್ಕಳು ಹೊರಗಾಗಲು ಆರಂಭಿಸಿ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಈ ಕಾಯ್ದೆಯ ರಕ್ಷಣೆ ಮುಗಿದಿರುತ್ತದೆ ಎಂಬುದನ್ನು ನಾವಿಬ್ಬರೂ ಅಂದೇ ಗಮನಿಸಿದ್ದು.

ನೇರವಾಗಿ ಅನ್ವಯವಾಗುವ ಕಾಯ್ದೆ ಇನ್ನೊಂದಿದೆ: ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧಕ ಹಾಗೂ ನಿರ್ಮೂಲನೆ ಕಾಯ್ದೆ. ಅಂಗೀಕಾರವಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಮುಟ್ಟಾದ ಅಥವಾ ಗರ್ಭಿಣಿಯಾದ ಹೆಣ್ಣನ್ನು ಪ್ರತ್ಯೇಕವಾಗಿ ಇರಿಸುವುದು, ಊರೊಳಗೆ ಬರದಂತೆ ತಡೆಯುವುದು ಅದರ ಅನುಸೂಚಿಯಲ್ಲಿ ಸ್ಪಷ್ಟವಾಗಿ ಸೇರಿದೆ. ಶಿಕ್ಷೆ ಒಂದರಿಂದ ಏಳು ವರ್ಷದ ಸೆರೆ ಮತ್ತು ದಂಡ. ಅಲ್ಲದೆ 2018ರ ಸೆಪ್ಟೆಂಬರ್ 28ರ ಸುಪ್ರೀಂ ಕೋರ್ಟಿನ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಮುಟ್ಟಿನ ಕಾರಣಕ್ಕೆ ಹೆಣ್ಣನ್ನು ಹೊರಗಿಡುವುದು 17ನೆಯ ವಿಧಿ ನಿಷೇಧಿಸಿರುವ ಅಸ್ಪೃಶ್ಯತೆಯ ಒಂದು ರೂಪವೇ ಎಂದು ಹೇಳಿದ್ದಾರೆ. ಆ ತೀರ್ಪು ಎಬ್ಬಿಸಿದ ದೊಡ್ಡ ಪ್ರಶ್ನೆಗಳು 2019ರಲ್ಲಿ ವಿಸ್ತೃತ ಪೀಠಕ್ಕೆ ಹೋದವು.

ಕಾಗದದ ಮೇಲೆ ಇಷ್ಟು ಗಟ್ಟಿಯಾದ ಆಧಾರ ಇದ್ದರೂ ಹೆಜ್ಜೆ ಮುಂದೆ ಇಡಲಾಗಲಿಲ್ಲ. ದೂರು ಕೊಟ್ಟರೆ ಆರೋಪಿ ಯಾರು? ಪದ್ಧತಿ ಇಡೀ ಹಟ್ಟಿಯದು, ಆದರೆ ಹುಡುಗಿಯನ್ನು ಗೆರೆ ದಾಟಿಸಿ ಕಳಿಸುವ ಕೈ ಅಜ್ಜಿಯದು, ಹೊತ್ತುಹೊತ್ತಿಗೆ ಮುದ್ದೆ ತಂದು ಕೊಡುವ ಕೈಯೂ ಅದೇ. ಎಫ್‌ಐಆರ್‌ನಲ್ಲಿ ಮೊದಲು ಬರುವ ಹೆಸರು ಅವರದೇ ಆಗಿರುತ್ತಿತ್ತು. ಹುಡುಗಿ ಒಂದೇ ಮಾತು ಹೇಳಿದಳು: “ಅಜ್ಜಿನ್ನ ಸ್ಟೇಷನ್ನಿಗೆ ಕರ್ಕೊಂಡೋಗದಾದ್ರೆ ನಾನು ಶಾಲೆ ಬಿಡ್ತೀನಿ ಮಿಸ್.” ನಾವು ದೂರು ಕೊಡಲಿಲ್ಲ. ಅದು ಸರಿಯೋ ತಪ್ಪೋ ಎಂಬುದರ ಬಗ್ಗೆ ಸಹೋದ್ಯೋಗಿಗಳಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಮಲ್ಲೇನಹಳ್ಳಿಯಂಥ ಸಾವು ನಮ್ಮ ಹಟ್ಟಿಯಲ್ಲಿ ಆಗಿದ್ದರೆ ಈ ಮೌನಕ್ಕೆ ನಾವೂ ಉತ್ತರ ಕೊಡಬೇಕಾಗುತ್ತಿತ್ತು.

ಯಜಮಾನರ ಮಾತೂ ದಾಖಲಾಗಬೇಕಾದ್ದು. ಕಾಡುಗೊಲ್ಲರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ–1ರಲ್ಲಿದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಬಹುಕಾಲದ್ದು, ರಾಜ್ಯದ ಶಿಫಾರಸು ಕೇಂದ್ರಕ್ಕೆ ಹೋಗಿಯೂ ಇದೆ. ಪಂಗಡವೆಂದು ಗುರುತಿಸಲು 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳಲ್ಲಿ ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ ಸೇರಿವೆ. “ಒಬ್ರು ಬಂದು ನಿಮ್ಮ ಪದ್ಧತಿ ಏನೇನೈತೆ ಹೇಳಿ ಅಂತ ಬರ್ಕೊಂಡು ಹೋಯ್ತಾರೆ, ಇನ್ನೊಬ್ರು ಬಂದು ಬಿಡ್ರಿ ಅಂತಾರೆ. ಬಿಟ್ರೆ ನೀವು ಕಾಡುಗೊಲ್ರೇ ಅಲ್ಲ ಅಂತಾರೇನೋ” ಎಂದು ಅವರು ಹೇಳಿದರು. ಇದು ನೆಪವೂ ಹೌದು, ನಿಜವೂ ಹೌದು. ಶತಮಾನಗಳ ಕಾಲ ಊರಿನ ಹೊರಗೆ ಉಳಿದ ಸಮುದಾಯವೊಂದು ತಾನು ಹೊರಗಿದ್ದೇನೆ ಎಂಬುದನ್ನು ರುಜುವಾತು ಮಾಡಿ ಒಳಗೆ ಬರಬೇಕಾದ ಏರ್ಪಾಡಿನಲ್ಲಿ, ಆ ರುಜುವಾತಿನ ಭಾರವನ್ನು ಹೆಣ್ಣುಮಕ್ಕಳ ಮೈ ಹೊರುತ್ತಿದೆ.

ಶಾಲೆ ಮಾಡಿದ್ದು

ಮೊದಲ ಪ್ರಯತ್ನ ನನ್ನದು, ಅದು ಕೆಟ್ಟ ಪ್ರಯತ್ನ. ಅವಳಿಗೆ ಅನುಕೂಲವಾಗಲೆಂದು ಬಾಗಿಲ ಪಕ್ಕದ ಒಂಟಿ ಡೆಸ್ಕಿಗೆ ಅವಳನ್ನು ಬದಲಾಯಿಸಿದೆ: ಯಾರಿಗೂ ತಾಗುವುದಿಲ್ಲ, ಹುಡುಗರ ಕಣ್ಣಿಗೂ ಬೀಳುವುದಿಲ್ಲ, ಶೌಚಾಲಯಕ್ಕೂ ಹತ್ತಿರ. ಎರಡು ದಿನ ಕಳೆದ ಮೇಲೆ ನಮ್ಮ ದೈಹಿಕ ಶಿಕ್ಷಕರು, “ಮೇಡಂ, ಗುಡ್ಲನ್ನ ಕ್ಲಾಸಿಗೇ ತಂದ್ಬಿಟ್ರಲ್ಲ” ಎಂದರು. ಮಾರನೆಯ ದಿನವೇ ಅವಳನ್ನು ಮೊದಲಿನ ಬೆಂಚಿಗೆ ಕಳಿಸಿದೆ.

ಎರಡನೆಯದು ಪುಸ್ತಕಗಳ ಇನ್ನೊಂದು ಜೊತೆ. ಹಿಂದಿನ ವರ್ಷ ಪಾಸಾದ ಮಕ್ಕಳಿಂದ ಪಠ್ಯಪುಸ್ತಕಗಳನ್ನು ಕೇಳಿ ಪಡೆದು, ಒಂದು ತಗಡಿನ ಪೆಟ್ಟಿಗೆಯಲ್ಲಿ ಹಾಕಿ, ಗುಡ್ಲಿನ ಬಳಿ ಇಡಿಸಿದೆವು. ಅದು ಅರ್ಧ ಕೆಲಸ ಮಾಡಿತು. ಪಠ್ಯ ಸಿಕ್ಕಿತು, ಆದರೆ ನೋಟ್ಸ್ ಒಂದೇ. ಲೆಕ್ಕ ಮಾಡಿದ ಪುಸ್ತಕ ಮನೆಯೊಳಗೇ ಇರುತ್ತಿತ್ತು. ಗುಡ್ಲಿನಲ್ಲಿ ದೀಪವೂ ಇರಲಿಲ್ಲ.

ಮೂರನೆಯದನ್ನು ನಾವು ಮಾಡಲಿಲ್ಲ, ಅಜ್ಜಿ ಮಾಡಿದರು. 2024ರ ಜನವರಿಯ ಒಂದು ಬೆಳಿಗ್ಗೆ ಹುಡುಗಿ ತನ್ನ ನಾಲ್ಕು ದಿನಗಳ ನಡುವೆಯೇ ಶಾಲೆಗೆ ಬಂದಳು. ಅವಳ ಚೀಲ ಒಂದು ಕಂಬಳಿಯ ತುಂಡಿನಲ್ಲಿ ಗಂಟು ಕಟ್ಟಿತ್ತು. ಕಂಬಳಿಗೆ ಮೈಲಿಗೆ ಇಲ್ಲ ಎಂಬ ಮಾತು ಕುರಿ ಸಾಕುವವರಲ್ಲಿ ಹಳೆಯದು. ನೂಲಿನ ಬಟ್ಟೆಗೆ ತಗಲುವ ಮೈಲಿಗೆ ಉಣ್ಣೆಗೆ ತಗಲುವುದಿಲ್ಲ, ಅದಕ್ಕೇ ಗುಡ್ಲಿನ ಹಾಸಿಗೆಯೂ ಕಂಬಳಿಯೇ. ಕಂಬಳಿಯಲ್ಲಿ ಕಟ್ಟಿಕೊಂಡು ಹೋದ ಪುಸ್ತಕ ಕಂಬಳಿಯಲ್ಲೇ ಬಂದರೆ ಅದಕ್ಕೆ ನೀರು ಬೇಡ ಎಂದು ಅಜ್ಜಿ ತಾವೇ ತೀರ್ಮಾನ ಮಾಡಿ, ಹಟ್ಟಿಯ ಬಾವಿಕಟ್ಟೆಯಲ್ಲಿ ನಾಲ್ಕು ಜನರೆದುರು ಹೇಳಿದ್ದರಂತೆ. ಪುಸ್ತಕವನ್ನು ಬಿಚ್ಚಿ ಮುಟ್ಟಿದರೆ ಏನು ಎಂದು ಯಾರೋ ಕೇಳಿದ್ದಕ್ಕೆ, “ಕಂಬ್ಳಿ ಮ್ಯಾಲೆ ಇಟ್ಕೊಂಡೇ ಓದ್ತಾಳೆ, ನಿನಗೇನು?” ಎಂದರಂತೆ. ಪೂಜಾರಿಯ ಕಿವಿಗೂ ಬಿತ್ತು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹಟ್ಟಿಯ ನ್ಯಾಯದಲ್ಲಿ ಅಂಥ ಮೌನಕ್ಕೆ ಅನುಮತಿಯ ಬೆಲೆ ಇದೆ.

ಇದನ್ನು ಹೇಳುವಾಗ ಕೇಳಿದವರ ಮುಖ ಅರಳುವುದನ್ನು ನೋಡಿದ್ದೇನೆ, ಹಾಗಾಗಿ ಒಂದು ಎಚ್ಚರಿಕೆ. ಕಂಬಳಿ ಗುಡ್ಲನ್ನು ಕೀಳಲಿಲ್ಲ. ಹುಡುಗಿ ಅಲ್ಲೇ ಮಲಗುತ್ತಿದ್ದಳು. ಫೆಬ್ರವರಿಯ 2ರ ರಾತ್ರಿ ಗುಡ್ಲಿನ ಬಳಿ ಹಾವು ಕಂಡು ಮೂವರೂ ನಿದ್ದೆಗೆಟ್ಟು ಕೂತಿದ್ದರು. ಬದಲಾದದ್ದು ಒಂದೇ ವಿಷಯ: ಹತ್ತನೆಯ ತರಗತಿಯ ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಹುಡುಗರ ವಿಷಯ ಮಾತ್ರ ಉಳಿದಿತ್ತು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಪಾಠವಿದೆ. ನಮ್ಮ ಶಾಲೆಯಲ್ಲಿ ಅದನ್ನು “ಮನೆಯಲ್ಲಿ ಓದಿಕೊಳ್ಳಿ” ಎಂದು ದಾಟಿಸುವುದು ರೂಢಿಯಾಗಿತ್ತು. ಆ ವರ್ಷ ವಿಜ್ಞಾನದ ಶಿಕ್ಷಕರು ಬಾಗಿಲು ತೆರೆದಿಟ್ಟೇ ಎರಡು ಅವಧಿ ಪಾಠ ಮಾಡಿದರು, ಹುಡುಗರು ಹುಡುಗಿಯರು ಒಟ್ಟಿಗೇ ಕೂತಿದ್ದರು. ಗರ್ಭಕೋಶದ ಒಳಪದರ ಮಗುವಿಗೆ ಪೋಷಣೆ ಕೊಡಲೆಂದು ಸಿದ್ಧವಾಗಿ, ಮಗು ನಿಲ್ಲದಿದ್ದಾಗ ಕಳಚಿಹೋಗುತ್ತದೆ ಎಂದು ವಿವರಿಸಿದಾಗ ಹಟ್ಟಿಯ ಇಬ್ಬರಲ್ಲಿ ಒಬ್ಬ ಎದ್ದು, “ಹಂಗಾದ್ರೆ ಅದು ಮಗೂಗೆ ಅಂತ ಇಟ್ಟಿದ್ದು ತಾನೇ ಸಾರ್? ಮೈಲ್ಗೆ ಎಲ್ಲಿಂದ ಬಂತು?” ಎಂದು ಕೇಳಿದ. ಶಿಕ್ಷಕರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಎಂದರು, ತರಗತಿ ನಕ್ಕಿತು. ಆ ಹುಡುಗ ಮತ್ತೆ ದಿನ ಎಣಿಸಿದ್ದನ್ನು ನಾನು ಕೇಳಲಿಲ್ಲ. ಇನ್ನೊಬ್ಬ ಎಣಿಸುತ್ತಲೇ ಇದ್ದ.

ಸರ್ಕಾರದ ಶುಚಿ ಯೋಜನೆಯ ಪ್ಯಾಡುಗಳು ಕೆಲವು ವರ್ಷ ನಿಂತು ಮತ್ತೆ ಬರತೊಡಗಿದ್ದವು. ನೀರಿಲ್ಲದ ಶೌಚಾಲಯಕ್ಕೆ ಗ್ರಾಮ ಪಂಚಾಯಿತಿಯಿಂದ ಪೈಪು ಎಳೆಸಲು ಮುಖ್ಯೋಪಾಧ್ಯಾಯರು ಐದು ಸಲ ಅರ್ಜಿ ಬರೆದರು; ಐದನೆಯದಕ್ಕೆ ಪೈಪು ಬಂತು. ಹಿಂದುಳಿದ ವರ್ಗಗಳ ಬಾಲಕಿಯರ ಹಾಸ್ಟೆಲ್ ಸೇರಿಸುವ ಸಲಹೆಯೂ ಬಂದಿತ್ತು. ಹಟ್ಟಿಯಿಂದ ಹಾಸ್ಟೆಲ್ಲಿಗೆ ಹೋದ ಹುಡುಗಿಯರು ರಜೆಗೆ ಬಂದಾಗ ತಾರೀಖು ಮುಚ್ಚಿಡುತ್ತಾರೆಂಬ ಗುಮಾನಿಯಿಂದ ಅವರನ್ನು ದೇವರ ಕಾರ್ಯಗಳಿಗೆ ಸೇರಿಸುತ್ತಿರಲಿಲ್ಲ. ಒಂದು ಕಡೆ ಒಳಗೆ ಬಂದವರು ಇನ್ನೊಂದು ಕಡೆ ಹೊರಗಾಗುತ್ತಿದ್ದರು. ಅವಳು ಹೋಗಲೊಲ್ಲೆ ಎಂದಳು.

ಪರೀಕ್ಷೆ ಮತ್ತು ಜಗುಲಿ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1 ಮಾರ್ಚ್ 21ಕ್ಕೆ ಆರಂಭವಾಯಿತು. ಗಣಿತದ ಹಿಂದಿನ ರಾತ್ರಿ ಅವಳು ಹೊರಗಾದಳು. ಆ ವಾರ ಗುಡ್ಲಿನಲ್ಲಿ ಬೇರೆ ಯಾರೂ ಇರಲಿಲ್ಲ, ಒಬ್ಬಳನ್ನೇ ಕಳಿಸಬೇಕಿತ್ತು. ಅಜ್ಜಿ ಕಳಿಸಲಿಲ್ಲ. ಮನೆಯ ಮುಂದಿನ ಜಗುಲಿಯ ಮೇಲೆ ಕಂಬಳಿ ಹಾಸಿ, ಬೀದಿದೀಪದ ಬೆಳಕು ಬೀಳುವ ಮೂಲೆಯಲ್ಲಿ ಅವಳನ್ನು ಕೂರಿಸಿ, ತಾವು ಹೊಸ್ತಿಲಿನ ಒಳಗೆ ಗೋಡೆಗೊರಗಿ ಎಚ್ಚರವಿದ್ದರು. ರಾತ್ರಿ ಹತ್ತರ ಸುಮಾರಿಗೆ ಯಜಮಾನರು ಬೀದಿಯಲ್ಲಿ ಹಾದುಹೋದರು, ನಿಂತು ನೋಡಿದರು. “ನಾಳೆ ಲೆಕ್ಕದ್ ಪರೀಕ್ಷೆ ಕಣಪ್ಪ” ಎಂದು ಅಜ್ಜಿ ಒಳಗಿನಿಂದಲೇ ಹೇಳಿದರು. ಅವರು ಉಗುಳು ನುಂಗಿ ಮುಂದೆ ಹೋದರೆಂದು ಹುಡುಗಿ ನನಗೆ ಹೇಳುವಾಗ ನಗುತ್ತಿದ್ದಳು. ಆ ವರ್ಷ ಹಟ್ಟಿಯ ದೇವರ ಹಬ್ಬದಲ್ಲಿ ಆ ಮನೆಯವರಿಂದ ತಪ್ಪುಕಾಣಿಕೆ ತೆಗೆದುಕೊಂಡರು: ನೂರಾ ಒಂದು ರೂಪಾಯಿ, ಒಂದು ತೆಂಗಿನಕಾಯಿ.

ಗಣಿತದಲ್ಲಿ ಅವಳಿಗೆ ನಲವತ್ತೊಂದು ಅಂಕ ಬಂತು. ಈಗ ಶಿರಾದಲ್ಲಿ ಪಿಯು ಓದುತ್ತಿದ್ದಾಳೆ, ಬಸ್ಸಿನಲ್ಲಿ ದಿನವೂ ಹೋಗಿ ಬರುತ್ತಾಳೆ. ಹೊರಗಾದ ದಿನಗಳಲ್ಲಿ ಜಗುಲಿಯಲ್ಲಿ ಮಲಗುತ್ತಾಳೆ. ಆ ಬೀದಿಯ ಇನ್ನೂ ಎರಡು ಮನೆಗಳಲ್ಲಿ ಹೆಣ್ಣುಮಕ್ಕಳು ಜಗುಲಿಗೆ ಬಂದಿದ್ದಾರೆ, ಮಿಕ್ಕ ಮನೆಗಳವರು ಗುಡ್ಲಿಗೇ ಹೋಗುತ್ತಾರೆ. ತಾಯಿಯೂ ಗುಡ್ಲಿಗೇ ಹೋಗುತ್ತಾರೆ. ಜಗುಲಿ ಓದುವ ಮಕ್ಕಳಿಗೆ ಮಾತ್ರ ಎಂಬುದು ಸದ್ಯದ ಒಪ್ಪಂದ. ಗುಡ್ಲಿನಿಂದ ಜಗುಲಿಗೆ ಸುಮಾರು ಮುನ್ನೂರು ಹೆಜ್ಜೆ. ಜಗುಲಿಯಿಂದ ಹೊಸ್ತಿಲಿಗೆ ಎರಡು ಮೊಳ. ಅದರ ಮಾತು ಇನ್ನೂ ಯಾರೂ ಎತ್ತಿಲ್ಲ. ತಗಡಿನ ಪೆಟ್ಟಿಗೆಯನ್ನು ಅವಳು ಶಾಲೆಗೆ ಹಿಂತಿರುಗಿಸಿದಳು. ಕಳೆದ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದ ಹಟ್ಟಿಯ ಇನ್ನೊಬ್ಬ ಹುಡುಗಿ ಮೊದಲ ವಾರವೇ ಬಂದು ಅದರ ಬೀಗದಕೈ ಕೇಳಿದಳು.